ರಕ್ತವು ಹೆಚ್ಚಿದಾಗ

ಕಳೆದ ಶ್ರಾವಣದಲ್ಲಿ ನಮ್ಮ ಹಳೆಯ ಶಿಷ್ಯೆಯೊಬ್ಬಳು ಮಗನ ರಕ್ತಪರೀಕ್ಷೆಯ ಚೀಟಿಯನ್ನು ಹಿಡಿದು ಬಂದಳು. “ಮೇಷ್ಟ್ರೇ, ರಕ್ತ ಹೆಚ್ಚಾಗಿದೆಯೆಂದು ಬರೆದಿದ್ದಾರೆ. ಹುಡುಗನ ಮುಖವೂ ಕೆಂಪೇರಿದೆ. ಒಳ್ಳೆಯ ಲಕ್ಷಣವಲ್ಲವೇ?” ಎಂದಳು. ರಕ್ತಹೀನತೆಯು ನಮ್ಮ ತಾಯಂದಿರಿಗೆ ಪರಿಚಿತ ಶತ್ರು. ರಕ್ತವು ಹೆಚ್ಚುವುದೂ ಆಪತ್ತೆಂದು ಆಕೆಗೆ ತಿಳಿಯದಿದ್ದುದು ಆಶ್ಚರ್ಯವಲ್ಲ. (ಸಂಸ್ಕೃತದಲ್ಲಿ ರಕ್ತಶಬ್ದಕ್ಕೆ ಅನುರಾಗವುಳ್ಳದ್ದೆಂಬ ಅರ್ಥವೂ ಉಂಟಷ್ಟೆ!) ಚೀಟಿಯಲ್ಲಿ ಹೆಮಟೋಕ್ರಿಟ್ ಎಂಬುದರ ಮುಂದೆ 56 ಎಂದಿತ್ತು.

ರಕ್ತದ ನೂರು ಭಾಗಗಳಲ್ಲಿ ಕೆಂಪುಕಣಗಳು ಎಷ್ಟು ಭಾಗವನ್ನು ಆಕ್ರಮಿಸಿರುವುವೆಂಬುದೇ ಈ ಸಂಖ್ಯೆ. ಗಂಡಸರಲ್ಲಿ ಇದು ಸುಮಾರು 40ರಿಂದ 50ರವರೆಗೆ ಇರತಕ್ಕದ್ದು. ಹುಡುಗನನ್ನು ಕರೆಸಿ ಏಕಾಂತದಲ್ಲಿ ವಿಚಾರಿಸಲಾಗಿ, ವ್ಯಾಯಾಮಶಾಲೆಯ ಗೆಳೆಯರ ಮಾತು ಕೇಳಿ ಎಂಟು ತಿಂಗಳಿಂದ ಟೆಸ್ಟೋಸ್ಟೆರೋನ್ ಚುಚ್ಚುಮದ್ದನ್ನು ತೆಗೆದುಕೊಳ್ಳುತ್ತಿರುವುದಾಗಿಯೂ, ಆಗಾಗ್ಗೆ ತಲೆ ಭಾರವಾಗುವುದಾಗಿಯೂ ಒಪ್ಪಿಕೊಂಡನು.

ಈ ದ್ರವ್ಯವನ್ನು 1935ರಲ್ಲಿ ಆಮ್‌ಸ್ಟರ್‌ಡಾಮಿನ ವಿಜ್ಞಾನಿಗಳು ಹೋರಿಯ ವೃಷಣಗ್ರಂಥಿಗಳಿಂದ ಬೇರ್ಪಡಿಸಿದರು. ಮಾಂಸವನ್ನು ಬೆಳೆಯಿಸುವ ಇದು ಎರಿತ್ರೋಪೊಯೆಟಿನ್ ಎಂಬ ರಸವನ್ನು ಹೆಚ್ಚಿಸಿ, ಕಬ್ಬಿಣಾಂಶವನ್ನು ತಡೆದಿಡುವ ಹೆಪ್ಸಿಡಿನ್ನನ್ನು ಕುಗ್ಗಿಸಿ, ಮೂಳೆಯ ಮಜ್ಜೆಯಿಂದ ಕೆಂಪುಕಣಗಳನ್ನು ಅಧಿಕವಾಗಿ ಹೊರಡಿಸುವುದು. 1989ರಲ್ಲಿ ಎರಿತ್ರೋಪೊಯೆಟಿನ್ನೇ ಔಷಧವಾಗಿ ದೊರೆಯುವ ಮೊದಲು, ಮೂತ್ರಪಿಂಡದ ರೋಗಿಗಳ ರಕ್ತಹೀನತೆಗೆ ಇದೇ ಜಾತಿಯ ಔಷಧಗಳನ್ನು ಕೊಡುತ್ತಿದ್ದರು. ಆರೋಗ್ಯವಂತನಿಗಾದರೋ ರಕ್ತವು ತಿಳಿಗಂಜಿಯಂತಿದ್ದುದು ಅಂಬಲಿಯಂತಾಗುವುದು. ಹೃದಯಕ್ಕೆ ದುಡಿಮೆ ಹೆಚ್ಚುವುದು, ನಾಳದಲ್ಲಿ ಹೆಪ್ಪುಗಟ್ಟುವ ಭಯವೂ ಉಂಟು.

ಕಾಯಿಲೆಗಾಗಿ ವೈದ್ಯರೇ ಇದನ್ನು ಕೊಡುವಾಗ ಪ್ರಾರಂಭಕ್ಕೆ ಮುಂಚೆ ಒಮ್ಮೆ, ಮೂರರಿಂದ ಆರು ತಿಂಗಳೊಳಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಹೆಮಟೋಕ್ರಿಟ್ ನೋಡುವರು. 54ನ್ನು ಮೀರಿದರೆ ಔಷಧವನ್ನು ನಿಲ್ಲಿಸುವರು. ಗುಟ್ಟಾಗಿ ಚುಚ್ಚಿಸಿಕೊಳ್ಳುವವನಿಗೆ ಈ ಕಾವಲು ಎಲ್ಲಿಯದು? ನೀರು ಸಾಲದೆ ಬಾಡಿದ ದೇಹದಲ್ಲಿ ಸಂಖ್ಯೆಯು ಸುಳ್ಳಾಗಿಯೂ ಏರುವುದುಂಟು. ನಿದ್ರೆಯಲ್ಲಿ ಉಸಿರು ಕಟ್ಟುವವರಲ್ಲಿ ನಿಜವಾಗಿಯೇ ಏರುವುದುಂಟು. ಇದನ್ನೆಲ್ಲ ವಿಂಗಡಿಸುವುದು ವೈದ್ಯರ ಕೆಲಸ.

“ರಕ್ತದಾನ ಮಾಡಿದರೆ ಇಳಿಯುವುದಂತೆ” ಎಂದನು ಹುಡುಗ. ಇಳಿಯುವುದು ನಿಜ, ಆದರೆ ಔಷಧವು ಒಳಗೆ ಇರುವವರೆಗೂ ಮಜ್ಜೆ ಸುಮ್ಮನಿರದು, ಪದೇ ಪದೇ ಕೊಟ್ಟರೆ ಕಬ್ಬಿಣಾಂಶವೂ ಬರಿದಾಗುವುದು. ಔಷಧವನ್ನು ಬಿಡುವುದಕ್ಕೂ ವೈದ್ಯರ ಸಲಹೆ ಬೇಕು. ಹೊರಗಿನಿಂದ ಬಂದುದನ್ನು ನಂಬಿ ದೇಹವು ತನ್ನ ಉತ್ಪತ್ತಿಯನ್ನು ನಿಲ್ಲಿಸಿರುತ್ತದೆ.

ಅಂದು ಸಂಜೆ ಅವನೇ ತಾಯಿಗೆ ಎಲ್ಲವನ್ನೂ ಹೇಳಿದನು. ಮರುದಿನ ಇಬ್ಬರೂ ವೈದ್ಯರಲ್ಲಿಗೆ ಹೋದರು. ಕೆಂಪುಕಣದ ಆಯುಸ್ಸು ಸುಮಾರು 120 ದಿನ. ಆದುದರಿಂದ ಸಂಖ್ಯೆಯು ಮೆಲ್ಲಮೆಲ್ಲನೆ ಇಳಿಯಿತು. ಕಾರ್ತಿಕದಲ್ಲಿ 51, ಸಂಕ್ರಾಂತಿಯ ಹೊತ್ತಿಗೆ 47. ಮಗನ ಮುಖದ ಕೆಂಪು ಹೋಯಿತೆಂದು ತಾಯಿ ಈಗಲೂ ಒಂದಿಷ್ಟು ಕೊರಗುತ್ತಾಳೆ.