ಕತ್ತಲಲ್ಲಿ ಹೊಸ ಬಂದರಿಗೆ ನುಗ್ಗಬೇಡಿ

ದೂರದಲ್ಲಿ ಬಂದರಿನ ದೀಪಗಳು ಕಾಣುತ್ತಿವೆ. ದಣಿದ ನಾವಿಕನಿಗೆ ದೊಡ್ಡ ಸಮಾಧಾನ. ಅಪಾಯ ಶುರುವಾಗುವುದೂ ಇಲ್ಲೇ.

ದಾರಿ ತೋರುವ ಕೆಂಪು, ಹಸಿರು ಬೋಯ್ (ತೇಲುಗುರುತು) ದೀಪಗಳು ಊರಿನ ಬೀದಿದೀಪ, ಟ್ರಾಫಿಕ್ ಸಿಗ್ನಲ್, ಅಂಗಡಿ ಬೋರ್ಡುಗಳ ನಡುವೆ ಕಳೆದುಹೋಗುತ್ತವೆ. ಯಾವ ದೀಪ ಹತ್ತಿರ, ಯಾವುದು ದೂರ ಅಂತ ರಾತ್ರಿ ಅಂದಾಜೇ ಸಿಗುವುದಿಲ್ಲ. ಭಾರತದಲ್ಲಿ ಕಡಲಿನಿಂದ ಒಳಬರುವಾಗ ಕೆಂಪು ಬೋಯ್ ಎಡಕ್ಕೆ, ಹಸಿರು ಬಲಕ್ಕೆ. ಅಮೆರಿಕ, ಜಪಾನಿನಲ್ಲಿ ಇದು ಪೂರ್ತಿ ಉಲ್ಟಾ!

ನಮ್ಮ ಗಂಗೊಳ್ಳಿಯಂಥ ಅಳಿವೆಗಳನ್ನೇ ನೋಡಿ. ಮರಳದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ, ನಕ್ಷೆ ಹಿಂದೆ ಬೀಳುತ್ತದೆ. ದಿಬ್ಬದ ಮೇಲೆ ತೆರೆ ಒಡೆಯುತ್ತಿದ್ದರೂ ಕಡಲಿನ ಕಡೆಯಿಂದ ಬರುವವರಿಗೆ ಕಾಣುವುದು ತೆರೆಯ ಬೆನ್ನು ಮಾತ್ರ. ಹಗಲಲ್ಲೇ ಗುರುತಿಸುವುದು ಕಷ್ಟ, ಇನ್ನು ರಾತ್ರಿ? ಸಾಲದ್ದಕ್ಕೆ ದೀಪವಿಲ್ಲದ ದೋಣಿಗಳು, ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವ ಬಲೆಗಳು.

ಜಿಪಿಎಸ್ ಇದೆಯಲ್ಲ ಅಂತೀರಾ? 2014ರ ನವೆಂಬರ್ 29ರ ರಾತ್ರಿ, ವೋಲ್ವೊ ಓಷನ್ ರೇಸ್‌ನಲ್ಲಿದ್ದ ವೆಸ್ಟಾಸ್ ವಿಂಡ್ ಹಾಯಿದೋಣಿ ಮಾರಿಷಸ್‌ನ ಈಶಾನ್ಯಕ್ಕಿರುವ ಹವಳದಿಬ್ಬಕ್ಕೆ ಅಪ್ಪಳಿಸಿತು. ಎಲೆಕ್ಟ್ರಾನಿಕ್ ನಕ್ಷೆಯನ್ನು ಸಾಕಷ್ಟು ಜೂಮ್ ಮಾಡದಿದ್ದರೆ ಆ ದಿಬ್ಬದ ಅಪಾಯ ಕಾಣುತ್ತಲೇ ಇರಲಿಲ್ಲ. ಪುಣ್ಯಕ್ಕೆ ಒಂಬತ್ತೂ ಮಂದಿ ಬದುಕಿದರು.

ಹವೆ ಚೆನ್ನಾಗಿದ್ದರೆ ದಡದಿಂದ ದೂರ, ಆಳ ನೀರಿನಲ್ಲೇ ಬೆಳಗಾಗುವವರೆಗೆ ಕಾಯಿರಿ. ಒಳಗೆ ಹೋಗಲೇಬೇಕಾದರೆ ಮೊದಲು ವಿಎಚ್‌ಎಫ್ ರೇಡಿಯೊದಲ್ಲಿ ಬಂದರಿನವರನ್ನು ಕರೆದು ದಾರಿ ಕೇಳಿ.