ಸಿಸಿ ಆಮೇಲೆ, ತೂಕ ಮೊದಲು

ಪುಣೆಯ ಸದಾಶಿವ ಪೇಠದಲ್ಲಿ ಬೈಕು ಓಡಿಸುವುದಕ್ಕಿಂತ ಅದನ್ನು ನಿಲ್ಲಿಸಿ ಮತ್ತೆ ಹೊರತೆಗೆಯುವುದೇ ದೊಡ್ಡ ಕೆಲಸ. 1761ರಲ್ಲಿ ಪಾಣಿಪತದಲ್ಲಿ ಮಡಿದ ಸದಾಶಿವರಾವ್ ಭಾವೂನ ಹೆಸರು ಹೊತ್ತ ಈ ಪೇಠ ವಾಡೆಗಳ ಕಾಲದ್ದು. ಎಷ್ಟೋ ಓಣಿಗಳ ಅಗಲವೂ ಆ ಕಾಲದ್ದೇ. ಈಗ ಅಲ್ಲಿ ಎಂಪಿಎಸ್‌ಸಿ, ಯುಪಿಎಸ್‌ಸಿಗೆ ಓದುವವರ ಅಭ್ಯಾಸಿಕೆಗಳು (ಓದುಕೋಣೆಗಳು), ಮೆಸ್ಸುಗಳು, ಅವುಗಳ ಮುಂದೆ ಒಂದಕ್ಕೊಂದು ಆತುಕೊಂಡು ನಿಂತ ಗಾಡಿಗಳು. ಕೆಲವು ರಸ್ತೆಗಳಲ್ಲಿ ಸಮ ತಾರೀಖಿಗೆ ಒಂದು ಬದಿ, ಬೆಸ ತಾರೀಖಿಗೆ ಇನ್ನೊಂದು ಬದಿ. ಪಿ1, ಪಿ2 ಫಲಕ ನೋಡದೆ ನಿಲ್ಲಿಸಿದರೆ ಟೋಯಿಂಗ್ ಟೆಂಪೊ ಎತ್ತಿಕೊಂಡು ಹೋದೀತು.

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಓದಿಗೋ ನೌಕರಿಗೋ ಪುಣೆ ಸೇರಿದ ಹುಡುಗ ಮೊದಲ ಬೈಕಿನ ಮಾತೆತ್ತಿದರೆ ಗೆಳೆಯರು ಕೇಳುವುದು ಎರಡೇ: ‘ಎಷ್ಟು ಸಿಸಿ? ಎವರೇಜ್ ಎಷ್ಟು ಕೊಡ್ತದ?’ ತೂಕ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ.

ಸಾಲಿನ ನಡುವೆ ಸಿಕ್ಕಿಕೊಂಡ ಬೈಕನ್ನು ಹೊರತೆಗೆಯುವವರನ್ನು ಗಮನಿಸಿದರೆ ಇದು ತಿಳಿಯುತ್ತದೆ. ಪಕ್ಕದ ಗಾಡಿಯ ಹ್ಯಾಂಡಲ್ ಲಾಕ್ ಆಗಿರುತ್ತದೆ, ಅದನ್ನು ಹಿಂದಿನಿಂದ ಎತ್ತಿ ನಾಲ್ಕು ಬೆರಳು ಸರಿಸಬೇಕು. ಆಮೇಲೆ ತನ್ನದರ ಸ್ಟ್ಯಾಂಡ್ ತೆಗೆದು, ಸೀಟನ್ನು ಸೊಂಟಕ್ಕೆ ಒರಗಿಸಿಕೊಂಡು, ಕನ್ನಡಿಗೆ ಕನ್ನಡಿ ತಾಗದಂತೆ ಹಿಂದಕ್ಕೆ ಎಳೆಯಬೇಕು. ಹೀರೋ ಸ್ಪ್ಲೆಂಡರ್ ಸುಮಾರು 112 ಕೆಜಿ, ಪಲ್ಸರ್ 150 ಸುಮಾರು 148, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195. ಮೊದಲನೆಯದಕ್ಕೂ ಕೊನೆಯದಕ್ಕೂ ಎಂಬತ್ತು ಕಿಲೋಗಿಂತ ಹೆಚ್ಚಿನ ಅಂತರ. ಬೈಕು ಒಂದು ಕಡೆಗೆ ವಾಲಿದ ಗಳಿಗೆಯಲ್ಲಿ ಆ ಭಾರವನ್ನು ಒಂದೇ ಕಾಲು ತಡೆಯಬೇಕಾಗುತ್ತದೆ. ಹೊಸಬರು ಗಾಡಿ ಬೀಳಿಸುವುದು ಹೆಚ್ಚಾಗಿ ಹೆದ್ದಾರಿಯ ವೇಗದಲ್ಲಲ್ಲ, ಯು-ಟರ್ನ್‌ನಲ್ಲಿ, ಸಿಗ್ನಲ್‌ನಲ್ಲಿ, ಪಾರ್ಕಿಂಗ್‌ನಲ್ಲಿ.

ಸೀಟಿನ ಎತ್ತರವೂ ಇದಕ್ಕೇ ಸೇರಿದ ವಿಷಯ. ಕುಳಿತಾಗ ಎರಡೂ ಪಾದ ನೆಲಕ್ಕೆ ಊರಬೇಕು, ತುದಿಗಾಲು ಸಾಲದು. ಸ್ಪ್ಲೆಂಡರ್‌ನ ಸೀಟು 785 ಮಿಲಿಮೀಟರ್. 2024ರ ಜುಲೈ 5ರಂದು ಪುಣೆಯಲ್ಲೇ ಬಿಡುಗಡೆಯಾದ ಬಜಾಜ್ ಫ್ರೀಡಂ 125 ಸಿಎನ್‌ಜಿಯಲ್ಲಿ ಓಡುವ ಬೈಕು, ಖರ್ಚಿನ ಲೆಕ್ಕದಲ್ಲಿ ಮನಸ್ಸು ಸೆಳೆಯುತ್ತದೆ. ಆದರೆ ಸಿಲಿಂಡರು ಸೀಟಿನ ಕೆಳಗಿದೆ, ಸೀಟು 825ಕ್ಕೆ ಏರಿದೆ. ಐದೂಕಾಲು ಅಡಿಯ ಹೊಸ ಸವಾರನಿಗೆ ಆ ನಾಲ್ಕು ಸೆಂಟಿಮೀಟರ್ ಸಣ್ಣ ಮಾತಲ್ಲ.

ಪುಣೆಯಲ್ಲಿ ಬೈಕಿನ ಮೋಹ ಗಾಳಿಯಲ್ಲೇ ಇದೆ. ಒಂದು ಕಾಲಕ್ಕೆ ಸೈಕಲ್ಲಿನ ಊರಾಗಿದ್ದ ಪುಣೆಯ ಕೈನೆಟಿಕ್‌ನವರು 1972ರಲ್ಲಿ ಲೂನಾ ಮೊಪೆಡ್ ತಂದರು. ಆಕುರ್ಡಿಯಲ್ಲಿ ಬಜಾಜ್ ಕಚೇರಿ, ಚಾಕಣದಲ್ಲಿ ಕಾರ್ಖಾನೆ. 2001ರಲ್ಲಿ ಬಂದ ಪಲ್ಸರ್ ಒಂದು ತಲೆಮಾರಿನ ಹುಡುಗರ ಕನಸನ್ನೇ ಬದಲಿಸಿತು. ಅದೇ ಚಾಕಣದಿಂದ ಬರುವ ಕೆಟಿಎಂ 390 ಡ್ಯೂಕ್‌ಗೆ ಸುಮಾರು 46 ಅಶ್ವಶಕ್ತಿ, ಸ್ಪ್ಲೆಂಡರ್‌ಗೆ ಎಂಟು. ಕ್ಲಚ್ ಬಿಡುವ ಹದ ಇನ್ನೂ ಕೈಗೆ ಬಾರದವರಿಗೆ 390 ಕೊಡಿಸುವುದು ಅವಿವೇಕ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲೆ ದೊಡ್ಡ ಗಾಡಿಯ ಆಸೆ ಇನ್ನಷ್ಟು ಹತ್ತಿರ ಬಂದಿದೆ. ಆದರೂ 100ರಿಂದ 160 ಸಿಸಿಯೊಳಗೆ ಕಲಿತು, ಮುಂದೆ ಬೇಕಾದರೆ ಬದಲಿಸುವುದು ಜಾಣತನ.

ಇದಕ್ಕೆ ಒಂದು ತೊಡಕಿದೆ, ಬ್ರೇಕು. 125 ಸಿಸಿ ಮೀರಿದ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕವಕ್ಕೆ ಸಿಬಿಎಸ್ ಸಾಕೆಂದಾಯಿತು, ಅಂದರೆ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುವ ಏರ್ಪಾಡು. ಒದ್ದೆ ರಸ್ತೆಯಲ್ಲಿ ಗಾಬರಿಯಿಂದ ಮುಂದಿನ ಬ್ರೇಕನ್ನು ಪೂರ್ತಿ ಹಿಂಡಿದರೆ ಚಕ್ರ ಲಾಕ್ ಆಗಿ ಜಾರುತ್ತದೆ. ಎಬಿಎಸ್ ಇದ್ದರೆ ಅದೇ ಹಿಡಿತವನ್ನು ಕ್ಷಣಕ್ಷಣಕ್ಕೂ ಬಿಟ್ಟು ಹಿಡಿಯುತ್ತದೆ. ಪುಣೆಯ ಮಳೆಗಾಲದಲ್ಲಿ ಗಾಬರಿಗೇನೂ ಬರವಿಲ್ಲ. ಹಣ ಇದ್ದರೆ ಎಬಿಎಸ್ ಇರುವ 150-160 ಸಿಸಿ, ಕಾಲು ಊರುವಂತಿದ್ದರೆ, ಒಳ್ಳೆಯ ಆಯ್ಕೆ.

ಹೆಲ್ಮೆಟಿನ ಹಣವನ್ನೂ ಮೊದಲೇ ಎತ್ತಿಡಬೇಕು. ಹೆಲ್ಮೆಟ್ ಕಡ್ಡಾಯದ ವಿರುದ್ಧ 2019ರ ಜನವರಿಯಲ್ಲಿ ಪುಣೇರಿ ಪಗಡಿ ತೊಟ್ಟು ಬೀದಿಗಿಳಿದವರಿದ್ದ ಊರಿದು. ಪಗಡಿ ಚೆಂದವೇ, ಡಾಂಬರಿಗೆ ತಲೆ ಬಡಿದರೆ ಉಪಯೋಗವಿಲ್ಲ. ಐಎಸ್‌ಐ ಗುರುತು ಇರಲಿ, ಪಟ್ಟಿ ಬಿಗಿದ ಮೇಲೆ ತಲೆ ಅಲ್ಲಾಡಿಸಿದರೆ ಹೆಲ್ಮೆಟು ಒಂದೇ ಒಂದು ಬೆರಳೂ ಸರಿಯದಿರಲಿ.

ಹಳೆ ಗಾಡಿ ಕೊಳ್ಳುವವರು ಛಾಸಿ ನಂಬರನ್ನು ಆರ್‌ಸಿಯೊಂದಿಗೆ ತಾಳೆ ನೋಡಬೇಕು, ಮುಂದಿನ ಫೋರ್ಕಿನಲ್ಲಿ ಎಣ್ಣೆ ಸೋರಿದೆಯೇ ಎಂದು ಬೆರಳಿಟ್ಟು ನೋಡಬೇಕು. ಊರಿನಿಂದಲೇ ಅಣ್ಣನ ಬೈಕು ತರುವವರಿಗೆ ಬೇರೆ ಲೆಕ್ಕ. ವಿಜಯಪುರದ ಕೆಎ-28ರ ಗಾಡಿ ಪುಣೆಯಲ್ಲಿ ಓಡಬಹುದು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲೇ ಇಟ್ಟುಕೊಂಡರೆ ಮಾತ್ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಇಲ್ಲಿಯ ಎಂಎಚ್-12 ನಂಬರಿಗೆ ಅರ್ಜಿ ಹಾಕಬೇಕು. ಅದಕ್ಕೆ ವಿಜಯಪುರದ ಆರ್‌ಟಿಒದಿಂದ ಎನ್‌ಒಸಿ ಬೇಕು, ಗಾಡಿಯ ಮೇಲೆ ಸಾಲ ಬಾಕಿಯಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು.