ಹಳೆಯ ಎಂಜಿನ್ನು, ಇಳಿದ ಹೊಳೆ

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲೂಕುಗಳಲ್ಲಿ ವಿದ್ಯುತ್ತಿನ ತಂತಿ ಮುಟ್ಟದ ಹೊಲಗಳಿಗೆ ಇಂದಿಗೂ ಡಿಜೇಲ್ ಎಂಜಿನ್ನೇ ಗತಿ. ಗುರ್ಲಹೊಸೂರಿನಲ್ಲಿ ಹುಟ್ಟಿ, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ ತೆರೆದ ಲಕ್ಷ್ಮಣರಾವ ಕಿರ್ಲೋಸ್ಕರರ ಮನೆತನದವರು 1946ರಲ್ಲಿ ಪುಣೆಯಲ್ಲಿ ಎಣ್ಣೆ ಎಂಜಿನ್ನಿನ ಕಾರಖಾನೆಯನ್ನು ಸ್ಥಾಪಿಸಿದಂದಿನಿಂದ ಈ ಯಂತ್ರವು ನಮ್ಮ ರೈತರ ಮನೆಯ ಆಳಿನಂತಾಗಿದೆ. ಅದು ಮುದಿಯಾಯಿತೆಂದರೆ ಮನೆಯಲ್ಲಿ ಸಾಲದ ಮಾತು ಹುಟ್ಟುವದು.

ಕಳೆದ ಚೈತ್ರದಲ್ಲಿ ನನ್ನ ಸೋದರಳಿಯನು ಜಾಮೀನಿನ ಸಹಿಗಾಗಿ ಬಂದನು. ಸವಣೂರ ತಾಲೂಕಿನಲ್ಲಿ ವರದಾ ನದಿಯ ದಂಡೆಗೆ ಅವನ ಎಲೆಬಳ್ಳಿಯ ತೋಟವಿದೆ. “ಮಾವಾ, ಅಪ್ಪನ ಎಂಜಿನ್ನು ಸೋತೈತ್ರಿ. ತ್ವಾಟಾ ಒಣಗಾಕ ಹತ್ತೈತಿ. ಸಾಲಾ ಮಾಡಿ ಹೊಸಾದು ತರತೀನಿ” ಎಂದನು. ನನ್ನ ತಂಗಿಯ ಪಾಟ್ಲಿಗಳನ್ನು ಒತ್ತೆಯಿಡುವ ಮಾತೂ ಆಗಿತ್ತು. ಎಂಜಿನ್ನನ್ನು ನೋಡಿದ ಮೇಲೆ ಸಹಿ ಹಾಕುವೆನೆಂದೆನು.

ನಾನು ವ್ಯಾಕರಣ ಕಲಿಸಿದವನು, ಯಂತ್ರಜ್ಞನಲ್ಲ. ಆದಕಾರಣ ಬಂಕಾಪುರದ ಕಡೆಯ ವೃದ್ಧ ಮಿಸ್ತ್ರಿಯೊಬ್ಬರನ್ನು ಜೊತೆಗೆ ಕರೆದೊಯ್ದೆನು. ಅವರು ಎಂಜಿನ್ನನ್ನು ಮುಟ್ಟಲಿಲ್ಲ. ಮೊದಲು ಹೊಳೆಯನ್ನು ನೋಡಿದರು. ನೀರು ಪಂಪಿಗಿಂತ ಇಪ್ಪತ್ತುನಾಲ್ಕು ಅಡಿ ಕೆಳಗಿಳಿದಿತ್ತು. ಪಂಪು ನೀರನ್ನು ಎಳೆಯುವದೆಂದು ನಾವೆನ್ನುವೆವು. ನಿಜವಾಗಿ ನೀರನ್ನು ನಳಿಗೆಯೊಳಗೆ ಮೇಲಕ್ಕೆ ನೂಕುವದು ವಾಯುಮಂಡಲದ ಭಾರವು. ಸಮುದ್ರತೀರದಲ್ಲಿ ಅದು ಹೆಚ್ಚೆಂದರೆ 34 ಅಡಿ ನೀರನ್ನು ಎತ್ತಿ ಹಿಡಿಯಬಲ್ಲದು. ಸುಮಾರು 1,800 ಅಡಿ ಎತ್ತರದ ನಮ್ಮ ಸೀಮೆಯಲ್ಲಿ ಎರಡಡಿ ಕಡಿಮೆ. ನಳಿಗೆಯ ತಿಕ್ಕಾಟ, ಕೀಲುಗಳ ಸೋರಿಕೆಗಳನ್ನು ಕಳೆದರೆ ಇಪ್ಪತ್ತಡಿಯಾಚೆ ಪಂಪು ಏದುಸಿರು ಬಿಡುವದು. ದಂಡೆಯನ್ನು ಮೆಟ್ಟಿಲಿನಂತೆ ಕಡಿದು ಎಂಜಿನ್ನನ್ನು ಹತ್ತಡಿ ಕೆಳಗಿಳಿಸಿದೆವು. ತಗಲಿದ್ದು ನಾಲ್ವರ ಒಂದು ದಿನದ ಕೂಲಿ. (ಮಳೆಗೆ ಮೊದಲೇ ಅದನ್ನು ತಿರುಗಿ ಮೇಲಕ್ಕೇರಿಸತಕ್ಕದ್ದು, ಹೊಳೆ ಹೇಳಿ ಬರುವದಿಲ್ಲ.)

ಹೀರುನಳಿಗೆಯಲ್ಲಿ ಕಾರಣವಿಲ್ಲದ ಎರಡು ಎಲ್ಬೋಗಳಿದ್ದವು; ತೆಗೆದೆವು. ಫುಟ್‌ವಾಲ್ವಿನ ಜಾಲರಿಯ ಅರ್ಧ ತೂತುಗಳನ್ನು ಪಾಚಿಯು ಮುಚ್ಚಿತ್ತು. ಮೂರಿಂಚಿನ ನಳಿಗೆಯ ಬದಲು ನಾಲ್ಕಿಂಚಿನದನ್ನು ಹಾಕಿದರೆ ಅಷ್ಟೇ ನೀರಿಗೆ ತಿಕ್ಕಾಟದ ನಷ್ಟವು ಸುಮಾರು ಕಾಲುಭಾಗಕ್ಕಿಳಿಯುವದು. ಅಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ನಳಿಗೆಯ ಇನ್ನೊಂದು ತುದಿಯು ಕಾಲುವೆಯ ಮೇಲೆ ಆರಡಿ ಎತ್ತರದಿಂದ ನೀರು ಕಾರುತ್ತಿತ್ತು. ನೋಡಲಿಕ್ಕೆ ಚಂದವೇ, ಆದರೆ ಆ ಆರಡಿಗೂ ಎಣ್ಣೆ ಉರಿಯುವದು. ಅದನ್ನು ಕಾಲುವೆಯ ಮಟ್ಟಕ್ಕೆ ತಂದೆವು. ಇದನ್ನು ಸೋದರಳಿಯನಿಗೆ ಒಪ್ಪಿಸಲಿಕ್ಕೆ ಅರ್ಧ ದಿನ ಹಿಡಿಯಿತು! ಕಡಲಿನಲ್ಲಿಯೂ ಇದೇ ನ್ಯಾಯವು: ತಳಕ್ಕೆ ಚಿಪ್ಪು ಅಂಟಿದ ದೋಣಿಗೆ ಎಂಥ ಎಂಜಿನ್ನು ಹಚ್ಚಿದರೂ ಎಣ್ಣೆ ಕುಡಿಯುವದೇ ಹೊರತು ಓಡುವದಿಲ್ಲ.

ಕಡೆಗೆ ಎಂಜಿನ್ನಿನ ಸರದಿ. ಗಾಳಿಯ ಫಿಲ್ಟರು ಧೂಳಿನಿಂದ ಕಟ್ಟಿತ್ತು. ಉಸಿರುಗಟ್ಟಿದ ಎಂಜಿನ್ನು ಕಪ್ಪು ಹೊಗೆ ಬಿಡುವದು. ನಾಝಲ್ಲು ಡಿಜೇಲನ್ನು ಮಂಜಿನಂತೆ ಚಿಮ್ಮಿಸುವ ಬದಲು ತೊಟ್ಟಿಕ್ಕಿಸುತ್ತಿತ್ತು. ಹಾವೇರಿಯಲ್ಲಿ ಅದನ್ನು ಸರಿಮಾಡಿಸಿ ತಂದೆವು. ಸಡಿಲಾದ ಪಟ್ಟಾ ಬಿಗಿಯಾಯಿತು. ನನಗೆ ಸೋಜಿಗವೆನಿಸಿದ್ದು ಬೇರೊಂದು. ಎಂಜಿನ್ನು ತಂಪಾಗಿದ್ದಷ್ಟು ಒಳ್ಳೆಯದೆಂದು ತಿಳಿದು, ಹೊಳೆಯ ತಣ್ಣೀರನ್ನು ಅದರೊಳಗೆ ಧಾರಾಳವಾಗಿ ಹರಿಸುತ್ತಿದ್ದರು. ತೀರ ತಣ್ಣಗಿರುವ ಎಂಜಿನ್ನಿನಲ್ಲಿ ಎಣ್ಣೆಯು ಪೂರ್ತಿ ಉರಿಯುವದಿಲ್ಲ. ಹೊರಬರುವ ನೀರು ಕೈ ತಾಳಲಾರದಷ್ಟು, ಅಂದರೆ ಸುಮಾರು 60 ಅಂಶ ಸೆಂಟಿಗ್ರೇಡ್, ಬಿಸಿಯಿರಬೇಕು. ಮಿಸ್ತ್ರಿಯವರು ನಲ್ಲಿಯನ್ನು ಅರ್ಧ ತಿರುವಿದರು, ಅಷ್ಟೇ.

ಒಂದನ್ನು ಮಾತ್ರ ಅವರು ಮಾಡಗೊಡಲಿಲ್ಲ. ಗವರ್ನರಿನ ಸ್ಪ್ರಿಂಗು ಬಿಗಿದು ವೇಗ ಹೆಚ್ಚಿಸುವ ಚಟವು ನಮ್ಮಲ್ಲಿ ಬಹಳ. ಪಂಪಿನ ವೇಗವು ಹತ್ತರಲ್ಲೊಂದು ಪಾಲು ಹೆಚ್ಚಿದರೆ ಅದು ಬೇಡುವ ಬಲವು ಸುಮಾರು ಮೂರರಲ್ಲೊಂದು ಪಾಲು ಹೆಚ್ಚುವದು. ಮುದಿ ಎಂಜಿನ್ನು ಅದನ್ನೆಲ್ಲಿಂದ ತಂದೀತು?

ಎಲ್ಲ ಸೇರಿ ಮೂರು ಸಾವಿರ ರೂಪಾಯಿಗಳೊಳಗೆ ಮುಗಿಯಿತು. ಮಧ್ಯಾಹ್ನದ ವರೆಗೆ ಹಿಡಿಯುತ್ತಿದ್ದ ಮಡಿಗಳು ಬೆಳಗಿನ ಊಟದ ಹೊತ್ತಿಗೆ ತುಂಬಹತ್ತಿದವು. ರಿಂಗುಗಳು ಸವೆದಿವೆ, ನೀಲಿ ಹೊಗೆ ಇನ್ನೂ ಇದೆ. ಅವನ್ನು ದೀಪಾವಳಿಯ ತರುವಾಯ ಬದಲಿಸುವದೆಂದು ಗೊತ್ತು ಮಾಡಿದ್ದೇವೆ. ಜಾಮೀನಿನ ಕಾಗದವು ನನ್ನ ಪೆಟ್ಟಿಗೆಯಲ್ಲಿ ಸಹಿಯಿಲ್ಲದೆ ಇದೆ.